ಒಂದು ಎಳೆ ಆಚೆ

ಗೇಟು ಬಿದ್ದಿದೆ. ಗೂಡ್ಸು ಬರುವ ಹೊತ್ತು.
ಅಶೋಕ ರಸ್ತೆಯ ಗಾಡಿಗಳೆಲ್ಲ ಎಂಜಿನ್ನು ಆರಿಸಿ ನಿಂತಿವೆ.
ನಾನೂ ನಿಂತಿದ್ದೇನೆ, ಸ್ಟುಡಿಯೋ ಮಹಡಿಯಲ್ಲಿ,
ಕೈಯಲ್ಲಿ ರಿಮೋಟು ಹಿಡಿದು.
ರೈಲು ದಾಟಿ ನೆಲ ಸುಮ್ಮನಾಗುವವರೆಗೆ
ಈ ಚಿತ್ರ ಆಗುವುದಿಲ್ಲ.

ಮೇಜಿನ ಮೇಲೆ ಅಂಗೈ ಅಗಲದ ಬಟ್ಟೆ,
ಬಿಳಿ ಮೇಲೆ ಬೂದು ಗೀಟು, ಷರ್ಟಿಂಗು,
ಮುಚ್ಚಿಹೋದ ಮಿಲ್ಲಿನ ಮಾದರಿ ಪುಸ್ತಕದಿಂದ ಬಿಚ್ಚಿದ್ದು.
ತಂದವರು ಜಾಬರ್ ದಾದಾಪೀರ್ ಸಾಹೇಬರು.
ಎಪ್ಪತ್ತೊಂಬತ್ತು ವರ್ಷ; ಎಡಗಿವಿ ಪೂರಾ ಮಗ್ಗಕ್ಕೆ ಹೋಗಿದೆ.
ಕಾಲೇಜಿನವರು ಪಟ ಕೇಳಿದ್ದಾರಂತೆ,
ಎಳೆ ಎಣಿಸುವಷ್ಟು ನಿಚ್ಚಳ ಬೇಕಂತೆ.

ಹೋದ ವಾರ ಮಾಮೂಲಿನಂತೆ ಹೊಡೆದೆ.
ಬೂದು ಗೀಟಿನ ಮೇಲೆ ಕಾಮನಬಿಲ್ಲು ಎದ್ದಿತು,
ಹಸಿರು, ನೇರಳೆ, ನೀರಿಗೆ ಎಣ್ಣೆ ಬಿದ್ದ ಹಾಗೆ.
"ಇದು ನಮ್ಮ ಮಾಲಲ್ಲ" ಅಂದರು ಸಾಹೇಬರು.
"ಇಂಥ ಬಣ್ಣ ನಮ್ಮ ಡೈಹೌಸಿನಲ್ಲಿ ಇರಲೇ ಇಲ್ಲ."

ನಿಜ. ಅದು ಕ್ಯಾಮೆರಾ ನೇಯ್ದ ಸುಳ್ಳು.
ಬಲಗಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ:
ಒಳಗೊಂದು ಬಿಲ್ಲೆ ಇದೆ, ಅಂಚೆಚೀಟಿಯಷ್ಟು.
ಅದರ ತುಂಬ ಕೋಟಿಗಟ್ಟಲೆ ಕಣ್ಣು,
ಒಂದೊಂದಕ್ಕೂ ಒಂದೇ ಬಣ್ಣದ ಹಣೆಬರಹ.
ಕೆಂಪಿನದಕ್ಕೆ ಕೆಂಪೇ, ನೀಲಿಯದಕ್ಕೆ ನೀಲಿಯೇ.
ಮಿಕ್ಕದ್ದು ಪಕ್ಕದವರನ್ನು ಕೇಳಿ ಅಂದಾಜು.

"ಅಂದಾಜಿಗೆ ಬಿಟ್ಟರೆ ಥಾನು ಕೆಡುತ್ತೆ."

ಹೂಂ. ಅದಕ್ಕೇ ಈ ಹೊಸದು, ಕಂತಿನ ಮೇಲೆ ತಂದದ್ದು.
ಇದರಲ್ಲಿ ಬಿಲ್ಲೆಯೇ ಸರಿಯುತ್ತದೆ:
ಒಂದು ಕಣ್ಣಿನಷ್ಟು ಬಲಕ್ಕೆ,
ಒಂದು ಕೆಳಕ್ಕೆ, ಒಂದು ಎಡಕ್ಕೆ.
ನಾಲ್ಕು ಸಲ ನೋಡಿದ ಮೇಲೆ
ಬಟ್ಟೆಯ ಪ್ರತಿ ಚುಕ್ಕೆಯಲ್ಲೂ
ಕೆಂಪು ಒಮ್ಮೆ, ನೀಲಿ ಒಮ್ಮೆ, ಹಸಿರು ಎರಡು ಬಾರಿ
ನಿಜವಾಗಿ ಕಂಡಿರುತ್ತದೆ.

ಸಾಹೇಬರು ತೋರುಬೆರಳನ್ನು ಗಾಳಿಯಲ್ಲಿ
ಕೂದಲೆಳೆಯಷ್ಟು ಸರಿಸಿದರು: "ಇಷ್ಟಾ?"
ಆ ಕೂದಲನ್ನು ಹದಿನೈದು ಸೀಳಿದರೆ ಒಂದು ಸೀಳು.
ನಕ್ಕುಬಿಟ್ಟರು.
ಲಾಳಿ ಒಂದೇ ನೆಗೆತಕ್ಕೆ ಐವತ್ತು ಅಂಗುಲ ಹಾರುವುದನ್ನು
ಮೂವತ್ತು ವರ್ಷ ಕಾದವರು.

ಗೂಡ್ಸು ಹೋಯಿತು, ಐವತ್ತೆಂಟು ಡಬ್ಬಿ, ಎಲ್ಲ ಅದಿರು.
ಮಂಡಕ್ಕಿ ಚೀಲಕ್ಕೆ ಮರಳು ತುಂಬಿ
ಟ್ರೈಪಾಡಿಗೆ ನೇತುಹಾಕಿದ್ದೆ;
ಅದರ ತೂಗಾಟ ನಿಂತಿತು.
ಫ್ಯಾನು ಬಂದ್. ಉಸಿರು ಬಂದ್.
ಚಕ್. ಚಕ್. ಚಕ್. ಚಕ್.

ಪರದೆಯ ಮೇಲೆ ಹಿಗ್ಗಿಸುತ್ತ ಹೋದೆ.
ಗೀಟು ಬೂದಾಗಿಯೇ ಇತ್ತು.
ಹಾಸು ಬೇರೆ, ಹೊಕ್ಕು ಬೇರೆ, ನೂಲಿನ ಹುರಿ ಸಹ,
ಹುರಿಯಲ್ಲಿ ಸಿಕ್ಕಿಕೊಂಡ ಹತ್ತಿಬೀಜದ ಸಿಪ್ಪೆ ಸಹ.
"ನಿಲ್ಲಿ" ಅಂದರು.
ಬಲಮೂಲೆಯಲ್ಲಿ ಒಂದು ಗಂಟು,
ಸಾಸಿವೆಯ ಕಾಲುಭಾಗವೂ ಇಲ್ಲ.
"ತಿರುವು ನೋಡಿ, ಉಲ್ಟಾ. ಇದು ಎಡಚಿಯ ಗಂಟು.
ವೈಂಡಿಂಗಿನ ಹಾಲಮ್ಮ. ಹೊಳೆಸಿರಿಗೆರೆಯವಳು.
ಎಡಗೈ ಗಂಟು ಮಗ್ಗದಲ್ಲಿ ಬಿಚ್ಚುತ್ತೆ ಅಂತ
ಮೂರು ಸಲ ದಂಡ ಬರೆಸಿದ್ದೆ, ಎಂಟೆಂಟಾಣೆ."

ಮೂಗು ಪರದೆಗೆ ತಾಗುವಷ್ಟು ಬಾಗಿದರು.
"ಬಿಚ್ಚಿಲ್ಲ."

ನನಗೆ ಕಂಡದ್ದು ಬೇರೆ. ಎಡ ಅಂಚಿನಲ್ಲಿ
ಸಣ್ಣ ಜಾಲರಿ, ಚದುರಂಗದ ಮನೆಗಳ ಹಾಗೆ.
ಯಾವುದೋ ಬಿಡಿ ಎಳೆ ನಾಲ್ಕು ನೋಟಗಳ ನಡುವೆ ಅಲುಗಿದೆ.
ಸಾಹೇಬರ ಉಸಿರೋ, ದೂರ ಹೋದ ಗೂಡ್ಸೋ.
ಅಲುಗಿದ್ದನ್ನು ಈ ಯಂತ್ರ ಕ್ಷಮಿಸುವುದಿಲ್ಲ,
ಮುಚ್ಚಿಡುವುದೂ ಇಲ್ಲ.
ಮತ್ತೆ ಹೊಡೆಯಬೇಕು.

ಅಷ್ಟರಲ್ಲಿ ಗೇಟು ಎದ್ದು
ಇಡೀ ರಸ್ತೆ ಒಟ್ಟಿಗೇ ಹಾರನ್ನು ಬಾರಿಸಿತು.
"ಕೂತಿರಿ ಸಾಹೇಬರೇ, ಚಾ ಹೇಳುತ್ತೇನೆ" ಅಂದೆ,
ತಪ್ಪಿ ಎಡಗಿವಿಗೆ.

ಅವರು ತಿರುಗಲಿಲ್ಲ.
ತಮ್ಮ ಅಂಗಿಯ ಅಂಚಿನಿಂದ ಒಂದು ದಾರ ಎಳೆದು, ಕಡಿದು,
ಎರಡು ತುದಿ ಸೇರಿಸಿ
ಎಡಗೈಯಲ್ಲಿ ಗಂಟು ಹಾಕಿ ನೋಡುತ್ತಿದ್ದರು.
ಎಳೆದರು.
ಬಿಚ್ಚಿಕೊಂಡಿತು.